ಪೋಸ್ಟಿಗೆ ಬಿದ್ದ ಬನ್ನಿ

ನಮ್ಮ ಯಜಮಾನರ ಕಾಕಾನಂಥ ಪೋಸ್ಟ್‌ಮನ್ ಮೂರು ಲೋಕದಲ್ಲೂ ಇನ್ನೊಬ್ಬರಿಲ್ಲ. ಇಲ್ಲದಿರುವುದು ಆ ಲೋಕಗಳ ಪುಣ್ಯ! ನಾನು ಶೇಂಗಾ ಹುರಿಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಸೊಸಿ, ನಮ್ಮ ಪೋಸ್ಟ್ ಆಫೀಸ್ ಮುಚ್ಚಿ ಮೂಡಲಗಿಗೆ ಕೂಡಸ್ತಾರಂತ. ನನ್ನ ಯಮಕನಮರಡಿಗೆ ಹಾಕ್ತಾರಂತ."

ಸೌಟು ಕೈಯಲ್ಲೇ ನಿಂತಿತು. ಶೇಂಗಾ ಹೊತ್ತಲಿಲ್ಲ, ಅದೊಂದು ಶಿವನ ದಯೆ.

ಕಾಕಾ ಎಂಥವರೆಂದರೆ, ತಮ್ಮ ಮನೆಗೇ ಪತ್ರ ಬಂದರೂ ಹೊಸ್ತಿಲಾಚೆ ನಿಂತು "ಪೋಸ್ಟ್!" ಎಂದು ಕೂಗುತ್ತಾರೆ. "ಒಳಗ ಬಂದು ಕೊಡ್ರಲಾ," ಎಂದು ಕಾಕಿ ರೇಗಿದರೆ, "ಡ್ಯೂಟಿ ಮ್ಯಾಲ ನಾ ನಿನ್ನ ಗಂಡ ಅಲ್ಲ!" ಎನ್ನುತ್ತಾರೆ.

"ಡ್ಯೂಟಿ ಮುಗದ ಮ್ಯಾಲರ ಎಲ್ಲಿ ಅದೀರಿ?" ಎನ್ನುತ್ತಾರೆ ಕಾಕಿ.

ನನಗೆ ಹೆಚ್ಚಿನ ಚಿಂತೆ ಬಾಜೂ ಮನೆಯ ಪಾರವ್ವನದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಪುಣೆ, ಸೊಲ್ಲಾಪುರಕ್ಕೆ ಪೋಸ್ಟ್ ಮಾಡಿಯೇ ಅವಳ ಮನೆ ನಡೆಯಬೇಕು. ಮೂಡಲಗಿಯವರೆಗೆ ಆ ಪಾರ್ಸಲನ್ನು ಕಾಕಾ ಹಸುಗೂಸಿನಂತೆ ಒಯ್ಯುತ್ತಾರೆ. ಅವಳೇ ಬಸ್ಸಿನ ನೂಕುನುಗ್ಗಲಲ್ಲಿ ಒಯ್ದರೆ ಪುಣೆ ಮುಟ್ಟುವುದು ರೊಟ್ಟಿಯೇ? ನುಚ್ಚು!

"ಟಪಾಲ ಇಲ್ಲಂತ ಮುಚ್ಚಾಕತ್ತಾರ," ಎಂದರು ಕಾಕಾ. "ಪೋಸ್ಟಿನ ಡಬ್ಬ್ಯಾಗ ಹಲ್ಲಿ ಸಂಸಾರ ಹೂಡೈತಿ. ದಸರಾ ಆದಮ್ಯಾಲ ಗೋಕಾಕದ ಸಾಹೇಬ್ರು ನೋಡಾಕ ಬರ್ತಾರ."

ದಸರಾ ಬಂತು. ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೂಣು" ಎನ್ನುವ ಹೊತ್ತು. ಪಾರವ್ವ ನನಗೆ ಬನ್ನಿ ಕೊಡಲು ಕೈ ಚಾಚಿದ್ದಳಷ್ಟೆ, ಓಣಿಯ ನಡುವಿನಿಂದ ಗುಡುಗು ಬಂತು.

"ಕೈ ಹಿಂದ ತಗೀವಾ! ಈ ಸಲ ಬಂಗಾರ ಪೋಸ್ಟಿನ್ಯಾಗ ಹೋಗತೈತಿ!"

"ನಮ್ಮಿಬ್ಬರ ನಡುವ ಒಂದ ಗ್ವಾಡಿ ಐತ್ರಿ ಕಾಕಾ!" ಎಂದಳು ಪಾರವ್ವ.

"ಗ್ವಾಡಿ ಇದ್ರ ಏನಾತು? ಪಿನ್ ಕೋಡ್ ಐತಿಲ್ಲ!"

ಊರು ನಕ್ಕಿತು. ನಗುನಗುತ್ತಲೇ ಲಕೋಟೆ ಕೊಂಡಿತು. ಒಂದೇ ಒಲೆಯ ಮುಂದೆ ಕೂತ ಅತ್ತೆ, ಸೊಸೆಗೆ ಬನ್ನಿ ಪೋಸ್ಟ್ ಮಾಡಿದಳು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರೂ ಹಾಕಿದರು. ಎದುರಿಗೆ ನಿಂತು ಕೊಡಲು ಬಿಗುಮಾನ, ಡಬ್ಬಿಯ ಮುಂದೆ ಎಲ್ಲಿಯ ಬಿಗುಮಾನ! ಹುಕ್ಕೇರಿಯ ಬೀಗರಿಗೂ ಹೋಯಿತು. ಬೀಗರು ಸೋಲುವ ಜನವೇ? ಎರಡು ಪಟ್ಟು ತಿರುಗಿ ಬಂತು. ಡಬ್ಬಿಯ ಬಾಯಿಂದ ಹೊರಗಿಣುಕಿದ ಲಕೋಟೆಗೆ ಆಡೊಂದು ಬಾಯಿ ಹಾಕಿದಾಗ ಕಾಕಾ ಅದರ ಕಿವಿ ಹಿಡಿದು, "ಸರಕಾರಿ ಟಪಾಲ ಐತಿ, ಉಗುಳ!" ಎಂದರು.

ಸಾಹೇಬರು ಬಂದು ಚೀಲ ಬಿಚ್ಚಿದರು. "ಏನ್ರಿ ಇದು? ಬರೇ ಈ ಊರಿಂದ ಈ ಊರಿಗೆ?"

"ನಮ್ಮ ಮಂದಿಗೆ ಒಬ್ಬರಿಗೊಬ್ಬರು ಬೇಕ್ರಿ ಸಾಹೇಬ್ರ."

"ಅದು ಖರೆ. ಆದ್ರ ಬನ್ನಿ ಹಬ್ಬಕ್ಕಷ್ಟ. ಮುಂದ?"

ಕಾಕಾ ಚೀಲದ ತಳಕ್ಕೆ ಕೈ ಹಾಕಿ ತಡಕಾಡಿದರು. ಅಷ್ಟರಲ್ಲಿ ಪಾರವ್ವ ತನ್ನ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟಳು. "ಮುಂದ ಇದ ಐತ್ರಿ. ವಾರಾ ವಾರಾ ಬರ್ತೇನಿ." ಅವಳ ಹಿಂದೆ ಹಪ್ಪಳದವಳು, ಮಸಾಲೆಪುಡಿಯವಳು, ಕೌದಿ ಹೊಲಿಯುವವಳು. ಊರವರಿಗಷ್ಟೇ ಮಾರುತ್ತಿದ್ದವರೆಲ್ಲ ಸೆರಗು ಸಿಕ್ಕಿಸಿ ಸಾಲು ನಿಂತರು! ಸಾಹೇಬರು ಪೆನ್ನು ತೆಗೆದರು.

ಮೊನ್ನೆ ಆದೇಶ ಬಂತು: ಪೋಸ್ಟ್ ಆಫೀಸ್ ಇಲ್ಲೇ ಇರುತ್ತದೆ. ಊರೆಲ್ಲ ಕೂಗಿ ಹೇಳಿ, ಪೇಟ ಸುತ್ತಿಸಿಕೊಂಡು, ಗೆದ್ದ ಪೈಲ್ವಾನನಂತೆ ಬಂದ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತರು. ನೀರು ಕೊಟ್ಟೆ. ಒಂದೇ ಉಸಿರಿಗೆ ತಂಬಿಗೆ ಬರಿದು ಮಾಡಿದರು.

"ಯಮಕನಮರಡ್ಯಾಗ ನನಗ ಒಂದ ಬಾಗಲಾನೂ ಗೊತ್ತಿರಲಿಲ್ಲ ಸೊಸಿ," ಎಂದರು ಮೆಲ್ಲಗೆ.

ತಂಬಿಗೆಯನ್ನು ಮತ್ತೆ ತುಂಬಿ ಅವರ ಬದಿಗಿಟ್ಟು, ಒಳಗೆ ಹೋಗಿ ಜೋಳ ಹಸನು ಮಾಡಲು ಕೂತೆ.