ಗಂಟಲಲ್ಲಿ ನಿಂತದ್ದು

ಬಾಯಿಂದಲೇ ಹೊಟ್ಟೆ ಹೊರೆಯುವವನಿಗೆ ಬರಬಾರದ ರೋಗ ಒಂದಿದ್ದರೆ ಅದು ಬಾಯಿ ಒಣಗುವುದು. ಕಾಲುನೋವಿನ ವಕೀಲ ಕುಳಿತು ವಾದಿಸಬಹುದು, ಕಣ್ಣು ಮಂಜಾದವನು ಕಾಗದಗಳನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬಹುದು. ನಾಲಗೆ ಅಂಗುಳಕ್ಕೆ ಅಂಟಿಕೊಂಡ ವಕೀಲನನ್ನು ಯಾವ ಕಕ್ಷಿದಾರ ತಾನೆ ಹುಡುಕಿಕೊಂಡು ಬರುತ್ತಾನೆ? ನಿಜಾಮರ ಕಾಲದಲ್ಲಿ, ಕೊಪ್ಪಳದ ಅದಾಲತ್ತಿನಲ್ಲಿ ಉರ್ದುವಿನಲ್ಲಿ ವಾದ ಮಾಡಿಕೊಂಡಿದ್ದಾಗ ನನಗೆ ಈ ರೋಗ ಬಂತು. ಜತೆಗೆ ಗಂಟಲಲ್ಲಿ ಉಂಡೆಯಂಥದೇನೋ ಬಂದು ಕುಳಿತಿತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು. ಅನ್ನ, ರೊಟ್ಟಿ ಎಲ್ಲ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಅದು ಮಾತ್ರ ಕಚೇರಿ ಬಾಗಿಲಿನ ಜವಾನನಂತೆ ಕದಲುತ್ತಿರಲಿಲ್ಲ.

ಒಂದು ದಿನ "ಹುಜೂರ್" ಎಂದು ವಾದ ತೆಗೆದವನು ಅಲ್ಲಿಗೇ ನಿಂತೆ. ಮುನ್ಸೀಫ್ ಸಾಹೇಬರು ಒಳ್ಳೆಯವರು, ನೀರು ತರಿಸಿದರು. ಕುಡಿದು ಮತ್ತೆ "ಹುಜೂರ್" ಎಂದೆ. ಮತ್ತೆ ನೀರು ಬಂತು. ಕೊನೆಗೆ ಅವರೇ ಬೇಸತ್ತು ವಿಚಾರಣೆಯ ಪೇಶಿ ಮುಂದಕ್ಕೆ ಹಾಕಿದರು. ಗಂಗಾವತಿಯ ಹಕೀಮರು ಬಾಯಿಗೆ ಬೆಳಕು ಹಿಡಿದು ನೋಡಿ, ಒಳಗೆ ಏನೂ ಇಲ್ಲವೆಂದರು. ಜೊತೆಯ ವಕೀಲರು ಜ್ಯೇಷ್ಠಮಧು ಅಗಿಯಲು ಹೇಳಿದರು. ಕೊಪ್ಪಳದ ಪಕ್ಕದ ಭಾಗ್ಯನಗರದ ನೆಂಟರೊಬ್ಬರು ದೃಷ್ಟಿ ತೆಗೆಸಿದರು. ಎಲ್ಲರೂ, ಇದು ಯಾವಾಗ ಶುರುವಾಯಿತು ಎಂದು ಕೇಳಿದರು. ಬಿಸಿಲು ಏರಿದಾಗಿನಿಂದ ಎನ್ನುತ್ತಿದ್ದೆ.

ಅದು ಸುಳ್ಳಲ್ಲ. ಆ ಬೇಸಿಗೆಯ ಆರಂಭದಲ್ಲೇ ನಮ್ಮ ಮಗಳು ಶಾಂತಾ ಜ್ವರ ಬಂದು ತೀರಿಕೊಂಡಿದ್ದಳು. ಆಗಷ್ಟೇ ಹೊಸ್ತಿಲು ದಾಟಲು ಕಲಿತಿದ್ದ ಕೂಸು. ಅದರ ಮಾತು ತೆಗೆದರೆ ನನ್ನ ಹೆಂಡತಿ ನೀಲವ್ವ ಅತ್ತಾಳೆಂದು ನಾನು ಆಕೆಯೆದುರು ಬಾವಿಯ ನೀರು ಇಳಿದದ್ದು, ಅದಾಲತ್ತಿನ ಸುದ್ದಿ, ಇಂಥವನ್ನೇ ಆಡುತ್ತಿದ್ದೆ. ಆಕೆ ಜೋಳ ಹಸನು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ತವರಿನಿಂದ ಗಾಡಿ ಬಂತು, ಅಳವಂಡಿಗೆ ಹೋದಳು. ಹೋದವಳು ಬರಲಿಲ್ಲ.

ಕರೆಯಲು ನಾನೇ ಹೊರಟೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೇಸಿನಂತೆ ಹೊಂದಿಸಿಕೊಂಡೆ. ಮಾವನವರು ಪಡಸಾಲೆಯಲ್ಲಿ ಕೂರಿಸಿ ಜೋಳದ ಮಾತು ತೆಗೆದರು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಒಂದು ಚರಿಗೆ ನೀರು ಮುಗಿಯಿತು. ಒಣರೊಟ್ಟಿ ಸಿಕ್ಕಿಕೊಂಡಿದೆಯೆಂದು ಅತ್ತೆಯವರೇ ತೀರ್ಮಾನಿಸಿ ಬೆಣ್ಣೆಯ ಮುದ್ದೆ ನುಂಗಿಸಿದರು. ಬೆಣ್ಣೆ ಇಳಿಯಿತು, ಅದು ಇಳಿಯಲಿಲ್ಲ.

ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲವ್ವ ತಾನೇ ನೀರು ತಂದಳು. ಚರಿಗೆ ಕೆಳಗಿಟ್ಟು, ತನ್ನ ಗಂಟಲ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು.

"ನಿಮಗೂ ಇಲ್ಲೇ ಹಿಡದಂಗ ಆಗತೈತೇನ್ರಿ?"

ಹೌದೆಂದು ತಲೆಯಾಡಿಸಿದೆ.

"ನನಗೂ ಹಂಗ ಐತ್ರಿ. ಕೂಸು ಹೋದಾಗಿಂದ. ಅವ್ವಗೂ ಹೇಳಿಲ್ಲ."

ಮಾವನವರು ಎತ್ತಿಗೆ ನೀರು ಕುಡಿಸಬೇಕೆಂದು ಎದ್ದು ಹೋದರು. ಅತ್ತೆಯವರೂ ಅವರ ಹಿಂದೆಯೇ ಹೋದರು.

"ನೀವು ಒಂದಿನಾನೂ ಆಕಿ ಹೆಸರು ಎತ್ತಲಿಲ್ಲ," ಎಂದಳು ನೀಲವ್ವ. "ಮರತ್ರೇನೋ ಅನ್ಕೊಂಡಿದ್ದೆ."

ನಾನು "ಶಾಂತಾ" ಎಂದೆ. ಹೊಂದಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಆ ಹೆಸರೇ ಇರಲಿಲ್ಲ. ಅಷ್ಟು ಹೇಳುವುದರೊಳಗೆ ಅಳು ಒತ್ತರಿಸಿ ಬಂತು. ಕರಿ ಕೋಟು ತೊಟ್ಟ ಗಂಡಸು ಮಾವನ ಮನೆಯ ಪಡಸಾಲೆಯಲ್ಲಿ ಕುಳಿತು ಬಿಕ್ಕುವುದು ನೋಡುವಂಥ ದೃಶ್ಯವಲ್ಲ. ನೀಲವ್ವ ನೋಡಲೂ ಇಲ್ಲ. ಪಕ್ಕದಲ್ಲಿ ಕುಳಿತು ತಾನೂ ಅತ್ತಳು. ಮಾವನವರು ಒಳಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಬೇಕೆಂದೇ ಜೋರಾಗಿ ಕೆಮ್ಮಿದರು. ಅಷ್ಟರಲ್ಲಿ ನಾವು ಮುಖ ಒರೆಸಿಕೊಂಡಿದ್ದೆವು.

ಮರುದಿನ ಆಕೆ ನನ್ನ ಜೊತೆ ಗಾಡಿ ಹತ್ತಿದಳು. ಕೂಸು ಗಂಜಿ ಉಗುಳುತ್ತಿದ್ದದ್ದು, ಸೆರಗು ಹಿಡಿದು ನಿಲ್ಲುತ್ತಿದ್ದದ್ದು, ನನ್ನ ತಲೆಯ ರುಮಾಲು ಬಿಚ್ಚಿ ಎಳೆದಾಡಿದ್ದು, ಕೊಪ್ಪಳ ಬರುವವರೆಗೂ ಇಬ್ಬರೂ ಅದನ್ನೇ ಆಡಿದೆವು. ಗಂಟಲಿನದು ಆ ದಿನವೇ ಹೋಗಲಿಲ್ಲ. ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಈಗ ನನ್ನ ಬಾಯಿ ಎಷ್ಟು ಚೆನ್ನಾಗಿದೆಯೆಂದರೆ, ರೊಟ್ಟಿ ಆರುವವರೆಗೂ ಮಾತು ನಿಲ್ಲುವುದಿಲ್ಲ. "ಮೊದಲ ಉಣ್ರಿ, ಆಮ್ಯಾಲ ಮಾತಾಡ್ರಿ," ಎಂದು ನೀಲವ್ವ ದಿನವೂ ಹೇಳುತ್ತಾಳೆ. ಇದೊಂದು ವಿಷಯದಲ್ಲಿ ಮಾತ್ರ ನಾನು ಆಕೆಯ ಮಾತು ಕೇಳುವುದಿಲ್ಲ.