ಎಂಬತ್ತಮೂರು ಲಕ್ಷ ಚುಕ್ಕಿ

ಶಶಿಕಾಂತನ ಹೊಸ ಲ್ಯಾಪ್‌ಟಾಪಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಬಾಲರಾಜನ ಫೋನ್ ಕರೆಯಲ್ಲಿ. ಅದು ಬೆಳಿಗ್ಗೆ ಎಂಟಕ್ಕೇ ಬಂತು.

ಬಾಲರಾಜ್ ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ, ಶಶಿಕಾಂತನ ಹೈಸ್ಕೂಲಿನ ಗೆಳೆಯ. ಶಶಿಕಾಂತನೋ ಮೊಳಕಾಲ್ಮೂರಿನ ನೇಕಾರರಿಗೆ ಹದಿನೆಂಟು ವರ್ಷದಿಂದ ರೇಷ್ಮೆ ಸೀರೆಯ ಡಿಸೈನ್ ಬರೆದುಕೊಡುವವನು. ಅಂಚು, ಬುಟ್ಟಾ, ಸೆರಗು ಎಲ್ಲವೂ ಕಂಪ್ಯೂಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವನ ಕೈಯಲ್ಲೇ ಹುಟ್ಟಬೇಕು.

"ಲೇ ಶಶಿ, ಹೊಸ ಪರದೆ ಮ್ಯಾಲಿನ ಅಕ್ಷರ, ಚಿತ್ರ ಎಲ್ಲಾ ಎಷ್ಟು ಪರ್ಸೆಂಟ್ ದೊಡ್ಡದು ಮಾಡಿ ಇಟ್ಕೊಂಡೀಯೋ?"

"ಬಂದಂಗೇ ಐತಪ್ಪ. ಇನ್ನೂರು ಅಂತ ತೋರಿಸ್ತೈತೆ."

"ಅಯ್ಯೋ ನಿನ್ನ! ಹಂಗಾದ್ರೆ ನಾಲ್ಕು ಚುಕ್ಕಿ ಸೇರ್ಕೊಂಡು ಒಂದು ಚುಕ್ಕಿ ಕೆಲ್ಸ ಮಾಡ್ತಾವೆ. ಅದ್ರಾಗೆ ಎಂಬತ್ತಮೂರು ಲಕ್ಷ ಚುಕ್ಕಿ ಐತಲೇ! ನೂರಕ್ಕೆ ಇಳಿಸಿ ನೋಡು."

ಶಶಿಕಾಂತನ ಕಸುಬಿನಲ್ಲಿ ಒಂದು ಚುಕ್ಕಿ ಎಂದರೆ ಒಂದು ಎಳೆ. ನಾಲ್ಕು ಜನ ನೇಕಾರರಲ್ಲಿ ಒಬ್ಬ ಮಾತ್ರ ನೇಯುತ್ತಿದ್ದು, ಉಳಿದ ಮೂವರು ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತಾ ಕೂತಿದ್ದಾರೆಂದರೆ ಯಾರು ತಾನೇ ಸಹಿಸಿಯಾರು? ಫೋನ್ ಇಟ್ಟವನೇ ಇನ್ನೂರನ್ನು ನೂರಕ್ಕಿಳಿಸಿದ.

ಪರದೆ ಒಮ್ಮೆ ಕಪ್ಪಾಗಿ ಕಣ್ಣು ಬಿಟ್ಟಿತು. ಅಕ್ಷರಗಳೆಲ್ಲ ತೊಳೆದ ಉಣ್ಣೆ ಬಟ್ಟೆಯಂತೆ ಕುಗ್ಗಿ ಮೂಲೆ ಸೇರಿದ್ದವು. ಬಾಣದ ಗುರುತು ಅಕ್ಕಿಯ ನುಚ್ಚಿನಷ್ಟಾಗಿತ್ತು. ಆದರೆ ಶಶಿಕಾಂತ್ ಅದನ್ನೆಲ್ಲ ನೋಡಲೇ ಇಲ್ಲ. ಹಿಂದಿನ ದಿನ ಮುಗಿಸಿದ್ದ ನವಿಲಿನ ಸೆರಗನ್ನು ತೆರೆದ. ತೆರೆದವನು ಕುರ್ಚಿಯಿಂದ ಎದ್ದೇ ಬಿಟ್ಟ.

ಇಡೀ ಸೆರಗು! ಈ ಅಂಚಿನಿಂದ ಆ ಅಂಚಿನವರೆಗೆ, ಇಪ್ಪತ್ತನಾಲ್ಕು ನವಿಲೂ ಒಂದೇ ನೋಟಕ್ಕೆ! ಹಳೆಯ ಕಂಪ್ಯೂಟರಿನಲ್ಲಿ ಒಂದು ನವಿಲಿನ ಕೊಕ್ಕು ಕಂಡರೆ ಬಾಲ ಕಾಣುತ್ತಿರಲಿಲ್ಲ. ಬಾಲ ತಿದ್ದುವಾಗ ಕೊಕ್ಕು ಹೇಗಿತ್ತೆಂದು ಮರೆತುಹೋಗುತ್ತಿತ್ತು. ಹದಿನೆಂಟು ವರ್ಷ ಅವನು ತನ್ನ ಸೀರೆಗಳನ್ನು ಕಿಟಕಿಯ ಸಂದಿಯಿಂದ ಮೆರವಣಿಗೆ ನೋಡುವವನ ಹಾಗೆ ನೋಡಿದ್ದ. ಇವತ್ತು ಮೊದಲ ಸಲ ಯಾರೋ ಬಾಗಿಲನ್ನೇ ತೆಗೆದ ಹಾಗಿತ್ತು. ನಿಜಕ್ಕೂ ಅವನ ಕಣ್ಣು ಒದ್ದೆಯಾಯಿತು.

"ರಂಜೂ! ಬಾರೇ ಇಲ್ಲಿ, ಬೇಗ!"

ಹೆಂಡತಿ ಶಿವರಂಜನಿ ಮೊರ ಹಿಡಿದುಕೊಂಡೇ ಬಂದಳು. ಬಗ್ಗಿ ನೋಡಿದಳು.

"ಏನ್ರೀ ಇದು, ರಾಗಿ ಚೆಲ್ಲಿದಂಗೈತೆ?"

"ರಾಗಿ ಅಲ್ಲ, ನವಿಲು!"

"ಪಕ್ಕದಾಗೆ ಇರುವೆ ಸಾಲು ಹೊಂಟೈತಲ್ಲ?"

"ಅವು ಅಕ್ಷರ ಕಣೇ."

"ನಿಮಗೆ ಕಾಣ್ತೈತಾ? ನಲವತ್ತಾರು ನಡೀತಾ ಐತೆ ನಿಮಗೆ."

"ಸ್ಫಟಿಕದಂಗೆ ಕಾಣ್ತೈತೆ!" ಎಂದ ಶಶಿಕಾಂತ್. ಆ ಮಾತನ್ನು ಅವನು ಕೊಂಚ ಜೋರಾಗಿಯೇ ಅಂದಿದ್ದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮುರುಗೇಂದ್ರಪ್ಪನವರು ಪೇಪರ್ ಓದುವ ಭೂತಗನ್ನಡಿಯ ಸಮೇತ ಒಳಗೆ ಬಂದರು. ಯಾರ ಮನೆಯಲ್ಲಿ ದನಿ ಏರಿದರೂ ಅವರ ಚಪ್ಪಲಿ ತಾನಾಗಿಯೇ ಆ ಕಡೆ ತಿರುಗುತ್ತಿತ್ತು.

"ಭೇಷ್," ಎಂದರು ಮೇಷ್ಟ್ರು, ಪರದೆಯನ್ನು ದೂರದಿಂದಲೂ ಹತ್ತಿರದಿಂದಲೂ ನೋಡಿ. "ಅಮೋಘವಾಗೈತೆ. ಆನೆಗಳು ಜೀವ ತುಂಬಿ ನಿಂತಾವೆ."

"ನವಿಲು, ಮೇಷ್ಟ್ರೇ."

"ಅದೇ, ಆ ಕಡೆ ಇರೋ ನವಿಲೂನೂ."

ಅಷ್ಟರಲ್ಲಿ ಬಾಗಿಲಲ್ಲಿ ನೇಕಾರ ಜಂಪಣ್ಣ ಕಾಣಿಸಿಕೊಂಡ. ಅವನ ನಾಲ್ಕು ಮಗ್ಗಗಳೂ ತಿಂಗಳಿಂದ ಸುಮ್ಮನಿದ್ದವು. ಚಳ್ಳಕೆರೆಯ ಸೀರೆ ಅಂಗಡಿಯ ಶೈಲಜಾ ಮೇಡಂ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು. ಆಕೆ ಒಪ್ಪಿದರೆ ನಲವತ್ತು ಸೀರೆ. ಆರು ತಿಂಗಳು ಮಗ್ಗಕ್ಕೆ ಪುರಸೊತ್ತಿಲ್ಲ. ಆದರೆ ಆಕೆ ಪರದೆಯ ಮೇಲಿನ ಚಿತ್ರಕ್ಕೆ ಮರುಳಾಗುವವರಲ್ಲ. ಒಂದು ಗೇಣಾದರೂ ನೇಯ್ದದ್ದನ್ನು ಕೈಯಲ್ಲಿ ಮುಟ್ಟಿ ನೋಡಬೇಕು.

"ಶಶಣ್ಣ, ಫೈಲ್ ಕೊಡು ಸಾಮಿ. ಈಗ ಕೂತ್ರೆ ಒಂದೂವರೆಗೆ ಒಂದು ಗೇಣು ಇಳಿಸ್ತೀನಿ."

"ಎರಡೇ ನಿಮಿಷ!"

ಡಿಸೈನಿನ ಮೂಲೆಯಲ್ಲಿ ಸೀರೆಯ ನಂಬರ್ ಬರೆಯುವುದೊಂದು ಬಾಕಿಯಿತ್ತು. ಶಶಿಕಾಂತ್ ಅಕ್ಷರ ಬರೆಯುವ ಗುಂಡಿಯನ್ನು ಅಂದಾಜಿನ ಮೇಲೆ ಒತ್ತಿ, ನಂಬರ್ ಹಾಕಿದ. ಪರದೆಯಲ್ಲಿ ಈಗ ಜಾಗಕ್ಕೇನು ಬರ? ಡಿಸೈನಿನ ಪಕ್ಕದಲ್ಲೇ ವಾಟ್ಸಾಪಿನ ರೇಷ್ಮೆ ಬಳಗದ ಗ್ರೂಪನ್ನೂ ತೆರೆದಿಟ್ಟಿದ್ದ. ಅಲ್ಲಿ ಬಾಲರಾಜನ ಹೆಸರಿನ ಮುಂದೆ ಹಸಿರು ಚುಕ್ಕಿ ಮಿನುಗಿತು. ಮೂಗು ಪರದೆಗೆ ತಾಗುವಷ್ಟು ಬಗ್ಗಿ ಓದಿದ: 'ಹೆಂಗೈತಲೇ?'

ಮೇಷ್ಟ್ರೂ ಜಂಪಣ್ಣನೂ ಶಿವರಂಜನಿಯೂ ಹಿಂದೆಯೇ ನಿಂತಿದ್ದರು. ಯಾರಿಗೂ ಓದಲಾಗದಷ್ಟು ಸಣ್ಣ ಅಕ್ಷರವೆಂಬ ಧೈರ್ಯದಿಂದ ಶಶಿಕಾಂತ್ ಗೆಳೆಯನಿಗೆ ನಿಜವನ್ನೇ ಟೈಪಿಸಿದ. ಎಂಟರ್ ಒತ್ತಿದ. ಫೈಲ್ ಸೇವ್ ಮಾಡಿ ಪೆನ್ ಡ್ರೈವಿಗೆ ಹಾಕಿ ಕೊಟ್ಟ. ಜಂಪಣ್ಣ ಅದನ್ನು ದೇವರ ಭಂಡಾರದ ಪೊಟ್ಟಣದಂತೆ ಕಣ್ಣಿಗೊತ್ತಿಕೊಂಡು ಓಡಿದ.

ಒಂದೂವರೆಗೆ ಅದೇ ಓಟದಲ್ಲಿ ವಾಪಸ್ ಬಂದ.

"ಅಬ್ಬಬ್ಬ, ಏನು ಚಂದ ಬಂದೈತೆ ಶಶಣ್ಣ! ಆದ್ರೆ ನವಿಲಿನ ಕಾಲಡಿಗೆ ಏನೋ ಮಂತ್ರ ಬರ್ದೀಯಲ್ಲ, ಅದು ಯಾವ ದೇವ್ರದ್ದು?"

ಜಂಪಣ್ಣನಿಗೆ ನೇಯುವಾಗ ಅದು ಕಂಡಿರಲಿಲ್ಲ. ಮಗ್ಗದಲ್ಲಿ ಸೀರೆಯ ಮುಖ ಯಾವಾಗಲೂ ಕೆಳಗೆ. ತುಂಡನ್ನು ಕತ್ತರಿಸಿ ಮಗುಚಿದಾಗಲೇ ಒಳಗಿನದು ಹೊರಗೆ ಬೀಳುವುದು. ಜಗಲಿಯ ಮೇಲೆ ತುಂಡನ್ನು ಹರಡಿದರು. ಎದುರು ಮನೆಯ ಹುಚ್ಚಕ್ಕ ಬಂದಳು. ಆಕೆಯ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು. ಮೇಷ್ಟ್ರು ಭೂತಗನ್ನಡಿಯನ್ನು ತೆಗೆದರು. ನೋಡಿದರೆ ಅದರ ಅಗತ್ಯವೇ ಇರಲಿಲ್ಲ. ಪರದೆಯಲ್ಲಿ ಒಂದು ಅಂಗುಲಕ್ಕೆ ಮುನ್ನೂರು ಚುಕ್ಕಿ, ರೇಷ್ಮೆಯಲ್ಲಿ ಅಂಗುಲಕ್ಕೆ ನೂರು ಎಳೆಯೂ ಇಲ್ಲ. ಅಲ್ಲಿ ಸಾಸಿವೆಯಷ್ಟಿದ್ದದ್ದು ಇಲ್ಲಿ ಕಡಲೆಬೇಳೆಯಷ್ಟಾಗಿ, ಅಪ್ಪಟ ಜರಿಯಲ್ಲಿ ಫಳಫಳ ಹೊಳೆಯುತ್ತಿತ್ತು. ಮೇಷ್ಟ್ರು ನಾಲ್ಕನೇ ಕ್ಲಾಸಿಗೆ ಪಾಠ ಓದುವ ದನಿಯಲ್ಲಿ ಓದಿದರು:

"'ಕಣ್ಣು ಉರೀತೈತೆ. ಒಂದಕ್ಷರಾನೂ ಕಾಣ್ತಿಲ್ಲ. ಯಾರಿಗೂ ಹೇಳ್ಬ್ಯಾಡ.'"

ಇಡೀ ಜಗಲಿ ಪಾತ್ರೆ ಅಂಗಡಿಯ ಮಾಡು ಕುಸಿದಂತೆ ನಕ್ಕಿತು.

"ಸ್ಫಟಿಕದಂಗೆ!" ಎಂದಳು ಶಿವರಂಜನಿ.

"ಹೇಳಲ್ಲ ಬಿಡಪ್ಪ, ನಾನಂತೂ ಯಾರ್ಗೂ ಹೇಳಲ್ಲ," ಎನ್ನುತ್ತಾ ಹುಚ್ಚಕ್ಕ ಮುಂದಿನ ಬೀದಿಯ ಕಡೆ ಹೊರಟಳು.

ಶಶಿಕಾಂತನ ಮುಖ ಬೆಂದ ಬೀಟ್‌ರೂಟಿನಂತಾಗಿತ್ತು. ಬೆಳಿಗ್ಗೆ ನಂಬರ್ ಹಾಕಿದ ಮೇಲೂ ಅಕ್ಷರ ಬರೆಯುವ ಗುಂಡಿ ಡಿಸೈನಿನಲ್ಲಿ ಆನ್ ಆಗಿಯೇ ಉಳಿದಿತ್ತು. ಅವನು ಟೈಪಿಸಿದ್ದು ಬಾಲರಾಜನಿಗಲ್ಲ, ನವಿಲಿಗೆ! ಓಡಿಹೋಗಿ ಮೇಷ್ಟ್ರ ಭೂತಗನ್ನಡಿಯನ್ನು ಪರದೆಗೆ ಹಿಡಿದು ಆ ಸಾಲನ್ನು ಹುಡುಕಿ ಅಳಿಸಿದ. ಸೇವ್ ಮಾಡಿದ.

"ಹಳೇದಕ್ಕೇ ಹಾಕ್ಕೊಳ್ರೀ, ಇನ್ನೂರಕ್ಕೆ," ಎಂದಳು ಹೆಂಡತಿ.

"ಇಡೀ ಸೆರಗು ಹೊಂಟೋಗ್ತೈತೆ ಕಣೇ! ಮತ್ತೆ ಕೊಕ್ಕು, ಆಮೇಲೆ ಬಾಲ... ಇಲ್ಲ, ಪ್ರಾಣ ಹೋದ್ರೂ ಏರಿಸಲ್ಲ."

"ಇನ್ನೊಂದು ಗೇಣು ನೇಯಾಕೆ ಟೈಮಿಲ್ಲ ಶಶಣ್ಣ," ಎಂದು ಜಂಪಣ್ಣ ಕೈ ಹಿಸುಕಿಕೊಂಡ. "ಈಗ ಏನು ತೋರಿಸೋಣ?"

"ಮಡಚಿ ತೋರಿಸಿ," ಎಂದಳು ಶಿವರಂಜನಿ. ಅಕ್ಷರವಿದ್ದ ಪಟ್ಟಿಯನ್ನು ಹಿಂದಕ್ಕೆ ಮಡಚಿ ಅವಳೇ ಪಿನ್ನು ಹಾಕಿದಳು. ನವಿಲುಗಳು ಮೊಣಕಾಲಲ್ಲಿ ನಿಂತಂತೆ ಕಂಡವು. ಏನೂ ಮಾಡುವಂತಿರಲಿಲ್ಲ, ಹೊರಗೆ ಕಾರು ನಿಂತಿತ್ತು.

ಶೈಲಜಾ ಮೇಡಂ ಬಂದರು, ಮಜ್ಜಿಗೆ ಕುಡಿದರು, ತುಂಡನ್ನು ಕೈಗೆತ್ತಿಕೊಂಡರು. ಹೆಬ್ಬೆರಳು ತೋರುಬೆರಳಿನ ನಡುವೆ ರೇಷ್ಮೆಯನ್ನು ಉಜ್ಜಿ, ಬೆಳಕಿಗೆ ಹಿಡಿದರು. ಮೂರನೇ ಉಜ್ಜಿಗೆ ಪಿನ್ನು ಕಳಚಿ ಬಿತ್ತು.

"ಇದೇನು?"

ಸಹಾಯಕ್ಕೆ ಯಾರೂ ಕರೆಯದಿದ್ದರೂ ಮೇಷ್ಟ್ರು ಮುಂದೆ ಬಂದರು.

"ಅದು ಶಾಸನ ಲಿಪಿ ಕಣಮ್ಮ. ನಮ್ಮ ಜಟಿಂಗ ರಾಮೇಶ್ವರದ ಗುಡ್ಡದ ಮ್ಯಾಲೆ ಅಶೋಕನ ಶಾಸನ ಐತಲ್ಲ, ಅದೇ ಧಾಟಿ. ಬಹಳ ಪುರಾತನವಾದದ್ದು."

"ಹೌದಾ ಮೇಷ್ಟ್ರೇ? ಏನಂತ ಬರ್ದೈತೆ?"

"ಹಿರಿಯರನ್ನ ಗೌರವಿಸ್ಬೇಕು ಅಂತ."

"ನನಗ್ಯಾಕೋ 'ಯಾರಿಗೂ ಹೇಳ್ಬ್ಯಾಡ' ಅಂತ ಕಾಣ್ತೈತಲ್ಲ!" ಎಂದರು ಶೈಲಜಾ ಮೇಡಂ. ಪೂರ್ತಿ ಸಾಲನ್ನು ಓದಿಕೊಂಡು ಸೋಫಾದ ಮೇಲೆ ಒರಗಿ ಒರಗಿ ನಕ್ಕರು. ನಕ್ಕು ಕಣ್ಣೊರೆಸಿಕೊಂಡು ಎದ್ದು ಕೂತರು. "ಶಶಿಕಾಂತ್, ಇದನ್ನೇ ನೇಯ್ರಿ."

"ಮೇಡಂ?"

"ಇದೇ ಸಾಲು, ಇದೇ ಅಳತೆ, ನವಿಲಿನ ಕಾಲಡೀಲೇ. ಬೀಗಿತ್ತಿ ಪಕ್ಕದಾಗೆ ಕೂತು ಸೆರಗು ಮುಟ್ಟಿ ನೋಡಿದ್ರೂ ಬಳ್ಳಿ ಅನ್ಕೋಬೇಕು. ಉಟ್ಟೋಳಿಗೆ ಮಾತ್ರ ಒಳಗಿನ ಗುಟ್ಟು ಗೊತ್ತಿರ್ಬೇಕು. ಗುಟ್ಟಿನ ಸೀರೆ! ಇಂಥದ್ದು ಯಾರ ಅಂಗಡೀಲೂ ಇಲ್ಲ. ನಲವತ್ತೂ ಹಿಂಗೇ ಬರ್ಲಿ. ಮೊದಲನೇದನ್ನ ಈಗಲೇ ಮಗ್ಗಕ್ಕೆ ಹಾಕ್ರಿ. ನಾನು ಗುಡ್ಡ ಹತ್ತಿ ಆ ಶಾಸನ ನೋಡ್ಕೊಂಡು ಬರ್ತೀನಿ. ಅಷ್ಟರಾಗೆ ನಾಲ್ಕು ಬೆರಳಷ್ಟು ಇಳಿದಿದ್ರೂ ಸಾಕು."

ಜಂಪಣ್ಣ ಕುಣಿಯುವುದೊಂದು ಬಾಕಿ. ಶಶಿಕಾಂತನಿಗೆ ಮಾತ್ರ ಅಳುವುದೋ ನಗುವುದೋ ತಿಳಿಯಲಿಲ್ಲ. ತನ್ನ ಕಣ್ಣಿನ ಕತೆ ಜರಿಯಲ್ಲಿ ನಲವತ್ತು ಮದುವೆಗಳಿಗೆ ಹೋಗಿ ಊಟಕ್ಕೆ ಕೂರಲಿತ್ತು. ಆದರೂ ನಲವತ್ತು ಸೀರೆ! ನಾಲ್ಕು ಮಗ್ಗ!

ಆಗ ಅವನಿಗೆ ನೆನಪಾಯಿತು: ಆ ಸಾಲನ್ನು ಅಳಿಸಿ ಸೇವ್ ಮಾಡಿಯಾಗಿದೆ.

ಮತ್ತೆ ಟೈಪಿಸಬೇಕು. ಮೇಷ್ಟ್ರೋ ಶೈಲಜಾ ಮೇಡಂಗೆ ದಾರಿ ತೋರಿಸಲು ಭೂತಗನ್ನಡಿಯನ್ನೂ ತೆಗೆದುಕೊಂಡು ಕಾರು ಹತ್ತಿದ್ದರು. ಬೀದಿಯವರು ಫೋನ್ ಮಾಡಿ ಮಾಡಿ 'ಕಾಣ್ತೈತಾ ಶಶಿ?' ಎಂದು ಕೇಳುತ್ತಿದ್ದುದರಿಂದ ಶಶಿಕಾಂತ್ ಫೋನನ್ನು ಆರಿಸಿಟ್ಟ. ಕೈ ತೊಳೆದು ಬಂದು, ಉಸಿರು ಬಿಗಿಹಿಡಿದು ಕೂತ. ನುಚ್ಚಿನಷ್ಟಿದ್ದ ಬಾಣವನ್ನು ಇಷ್ಟಿಷ್ಟೇ ಸರಿಸಿ, ಗೆರೆಯೊಂದು ಮಿನುಗುತ್ತಿದ್ದ ಕಡೆ ಒತ್ತಿದ. ಒಂದೊಂದೇ ಅಕ್ಷರವನ್ನು ಪೂಜೆಗೆ ಹೂವಿಡುವಂತೆ ಇಟ್ಟ. ಎಂಟರ್. ಸೇವ್. ಪೆನ್ ಡ್ರೈವ್. ಜಂಪಣ್ಣನ ಓಟ.

ಆರು ಗಂಟೆಗೆ ಎಲ್ಲರೂ ಜಂಪಣ್ಣನ ಮಗ್ಗದ ಮನೆಯಲ್ಲಿ ಸೇರಿದ್ದರು. ಶಿವರಂಜನಿ ಅಲ್ಲಿಗೇ ಟೀ ಫ್ಲಾಸ್ಕ್ ತಂದಿದ್ದಳು. ಗುಡ್ಡದಿಂದ ಇಳಿದು ಬಂದ ಶೈಲಜಾ ಮೇಡಂ ಒಳಗೆ ಕಾಲಿಡುವಾಗಲೇ ಫೋನನ್ನು ಮುಂದೆ ಹಿಡಿದಿದ್ದರು. ಅವರ ಮುಖದಲ್ಲಿ ಮಧ್ಯಾಹ್ನದ ನಗು ಇರಲಿಲ್ಲ. ನಗು ತಡೆದುಕೊಂಡ ಮುಖವದು.

"ಶಶಿಕಾಂತ್, ಸೀರೆ ಮ್ಯಾಲೆ ಹಾಕ್ರಿ ಅಂದೆ. ಊರಿಗೆಲ್ಲ ಹಾಕ್ರಿ ಅಂದ್ನಾ?"

ಫೋನಿನಲ್ಲಿ ತೆರೆದಿದ್ದುದು ನೇಕಾರರು, ಡಿಸೈನಿನವರು, ಸೀರೆ ಅಂಗಡಿಯವರೆಲ್ಲ ಇರುವ ರೇಷ್ಮೆ ಬಳಗದ ಗ್ರೂಪು. ನೂರಾ ಎಂಬತ್ತು ಜನ. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಶಶಿಕಾಂತನ ಹೆಸರಿನಿಂದ ಒಂದು ಸಂದೇಶ: 'ಕಣ್ಣು ಉರೀತೈತೆ. ಒಂದಕ್ಷರಾನೂ ಕಾಣ್ತಿಲ್ಲ. ಯಾರಿಗೂ ಹೇಳ್ಬ್ಯಾಡ.' ಅದರ ಕೆಳಗೆ ಉತ್ತರಗಳ ಸಂತೆಯೇ ನೆರೆದಿತ್ತು. ಬಿ.ಜಿ. ಕೆರೆಯಿಂದ ಒಬ್ಬರು ಕಣ್ಣಿನ ಶಿಬಿರದ ತಾರೀಕು ಹಾಕಿದ್ದರು. ನನ್ನಿವಾಳದವರೊಬ್ಬರು ನುಗ್ಗೆಸೊಪ್ಪಿನ ರಸ ಕುಡಿಯಲು ಹೇಳಿದ್ದರು. ಬಾಲರಾಜ್, 'ನಾನು ಯಾರಿಗೂ ಹೇಳಿಲ್ಲಪ್ಪ' ಎಂದು ಎಲ್ಲರಿಗೂ ಕಾಣುವಂತೆ ಆಣೆ ಮಾಡಿದ್ದ.

ಜಂಪಣ್ಣ ಕನ್ನಡಿಯೊಂದನ್ನು ಮಗ್ಗದ ಕೆಳಗೆ ಹಿಡಿದ. ಎಲ್ಲರೂ ಬಗ್ಗಿ ನೋಡಿದರು. ನವಿಲುಗಳು ಸೊಗಸಾಗಿ ನಿಂತಿದ್ದವು. ಅವುಗಳ ಕಾಲಡಿ ಒಂದಕ್ಷರವೂ ಇರಲಿಲ್ಲ. ಈ ಸಲ ಶಶಿಕಾಂತ್ ಟೈಪಿಸಿದ್ದು ನವಿಲಿಗಲ್ಲ, ವಾಟ್ಸಾಪಿಗೆ!

"ಗುಟ್ಟಿನ ಸೀರೆ ಅಂತ ಆಸೆ ಪಟ್ಟಿದ್ದೆ," ಎಂದರು ಶೈಲಜಾ ಮೇಡಂ. "ನೂರಾ ಎಂಬತ್ತು ಮಂದಿಗೆ ಗೊತ್ತಾದ್ಮೇಲೆ ಅದೆಂಥ ಗುಟ್ಟು? ಇದು ಬ್ಯಾಡ. ನಲವತ್ತು ಸೀರೆ ಬೇಕಂದ್ರೆ ಬೇರೊಂದು ಗುಟ್ಟು ಬರ್ದು ಕಳಿಸ್ರಿ. ಯಾರಿಗೂ ಗೊತ್ತಿಲ್ಲದ್ದಾಗಿರ್ಬೇಕು, ನಿಜವಾದ್ದಾಗಿರ್ಬೇಕು. ಸುಳ್ಳಾಗಿದ್ರೆ ಅದ್ರಾಗೆ ಇಂಥ ಮಜ ಬರಲ್ಲ."

ಕಾರು ಚಳ್ಳಕೆರೆಯ ದಾರಿ ಹಿಡಿಯಿತು. ಜಂಪಣ್ಣ ಆಸೆಯಿಂದ ಶಶಿಕಾಂತನ ತೋಳು ಹಿಡಿದ.

"ಶಶಣ್ಣ, ನೆನಪು ಮಾಡ್ಕೊ ಸಾಮಿ. ನಾಲ್ಕು ಮಗ್ಗದ ಪ್ರಶ್ನೆ. ಯಾರಿಗೂ ಹೇಳ್ದೇ ಇರೋ ಗುಟ್ಟು ಇನ್ನೂ ಯಾವ್ದಾದ್ರೂ ಐತಾ?"

ಶಶಿಕಾಂತ್ ಬಾಯಿ ತೆರೆದ. ಅಷ್ಟರಲ್ಲಿ ಶಿವರಂಜನಿ ಕೈಯಲ್ಲಿದ್ದ ಫ್ಲಾಸ್ಕನ್ನು ನಿಧಾನವಾಗಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಉತ್ತರ ಕೇಳಲು ಗಂಡನ ಎದುರಿಗೇ ಬಂದು ನಿಂತಳು.