ಅತ್ತೆಯ ಗೋಡೆ ಫೋಟೋ

ಕೊಟ್ರಮ್ಮನವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಹಲ್ಲು ಕಟ್ಟಿಸಿಕೊಂಡದ್ದು ತಿನ್ನುವುದಕ್ಕಲ್ಲ, ಫೋಟೋಕ್ಕೆ.

"ಗೋಡೆ ಮ್ಯಾಲೆ ನಿಮ್ಮ ಮಾವ ಮೂವತ್ತೆಂಟರ ಪ್ರಾಯದಾಗ ಮೀಸಿ ಹುರಿ ಮಾಡ್ಕೊಂಡು ಕುಂತಾರ. ಪಕ್ಕದಾಗ ನಾನು ಬೊಚ್ಚುಬಾಯಿ ಬಿಟ್ಕೊಂಡು ಹೆಂಗೆ ಕೂಡ್ರಲಿ?" ಎಂದು ಸೊಸೆ ಕಸ್ತೂರಮ್ಮನನ್ನು ಕೇಳಿ, ತಿಂಗಳುಗಟ್ಟಲೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಸ್ಟುಡಿಯೋ ಅವರಿಗೆ ಆಗದು. ಅಲ್ಲಿ ಹೋಗಿ ಕೂತರೆ ಸಾಯುವುದಕ್ಕೆ ಅರ್ಜಿ ಕೊಟ್ಟ ಹಾಗಂತೆ. ಉಕ್ಕಡಗಾತ್ರಿ ಕ್ಷೇತ್ರದಲ್ಲಿ ಹೊಳೆಯ ಮುಂದೆ ನಿಂತ ಒಂದೇ ಒಂದು ಫೋಟೋ, ಅಷ್ಟೇ ಅವರ ಆಸೆ.

ಅದು ತೊಂಬತ್ತೆಂಟರ ಬೇಸಿಗೆ ರಜೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಪಕ್ಕದ ಮನೆಯ ಬಕ್ಕೇಶ್ ಟ್ರ್ಯಾಕ್ಸ್ ಗಾಡಿ ಗೊತ್ತು ಮಾಡಿ, ಓಡಿಸಲು ತಾನೇ ಕೂತ. ತನ್ನ ಕ್ಯಾಮೆರಾವನ್ನೂ ತಂದು ಕಸ್ತೂರಮ್ಮನ ಕೈಗಿಟ್ಟ.

"ರೋಲಿನಾಗ ಮೂವತ್ತಾರು ಅದಾವ ಅಕ್ಕಾರ. ನೋಡ್ಕೊಂಡು ಒತ್ರಿ."

ಕಸ್ತೂರಮ್ಮ ಪ್ರೈಮರಿ ಶಾಲೆಯ ಟೀಚರು. ಇಪ್ಪತ್ತೆರಡು ವರ್ಷ ಶಾಲೆಯ ಗಂಟೆಗೂ ಕುಕ್ಕರಿನ ಸೀಟಿಗೂ ನಡುವೆ ಓಡಿದವಳು, ಯಾವುದನ್ನೂ ನಿಂತು ನೋಡಿದವಳಲ್ಲ. ಹೆಂಗಸು ಸುಮ್ಮನೆ ನಿಂತರೆ ಯಾಕೆ ನಿಂತಿ ಎಂದು ಕೇಳುವವರು ಹತ್ತು ಜನ. ಕೈಯಲ್ಲಿ ಕ್ಯಾಮೆರಾ ಇದ್ದರೆ ಯಾರೂ ಕೇಳುವುದಿಲ್ಲ ಎಂಬುದು ಅವಳಿಗೆ ಹರಿಹರದ ಗುಡಿ ಬಾಗಿಲಲ್ಲಿ ತಿಳಿಯಿತು.

ಉಳಿದವರು ದರ್ಶನಕ್ಕೆ ನುಗ್ಗಿದರು. ಇವಳು ಹೊಸ್ತಿಲು ನೋಡುತ್ತ ನಿಂತಳು. ಎಷ್ಟು ಕಾಲು ಸವೆಸಿದ್ದವೋ, ಕಲ್ಲು ನಡುವೆ ತೊಟ್ಟಿಲಿನ ಹಾಗೆ ಬಗ್ಗಿತ್ತು. ಕ್ಲಿಕ್. ಕಂಬದ ಬುಡದಲ್ಲಿ ದೀಪದ ಮಸಿ. ಕ್ಲಿಕ್. ಚಪ್ಪಲಿ ರಾಶಿಯಲ್ಲಿ ಪಿನ್ನು ಚುಚ್ಚಿಸಿಕೊಂಡ ಒಂದು ಹವಾಯಿ ಚಪ್ಪಲಿ. ಅದು ಯಾವಳೋ ತನ್ನಂಥವಳದೇ ಇರಬೇಕು. ಕ್ಲಿಕ್.

"ನಂದು?" ಎಂದು ಹಿಂದಿನಿಂದ ದನಿ ಬಂತು. ಕೊಟ್ರಮ್ಮನವರು ಹೊಸ ಹಲ್ಲಿನ ಮೇಲೆ ತುಟಿ ಮುಚ್ಚಿಕೊಂಡು, ಬಿಸಿ ಬಜ್ಜಿ ಬಾಯಲ್ಲಿಟ್ಟುಕೊಂಡವರಂತೆ ನಿಂತಿದ್ದರು.

"ನಿಮ್ಮದು ಹೊಳಿ ಹತ್ರ ಅತ್ಯಾರ. ಒಂದೀಟು ತಡೀರಿ."

ಗಂಡ ವಾಮದೇವಪ್ಪ ಗುಡಿಯಿಂದ ಹೊರಗೆ ಬಂದ. "ಹೊಸ್ತಿಲದ ಫೋಟೋ ತೆಗಿಯಾಕ ಹರಿಹರಕ್ಕ ಬರ್ಬೇಕಿತ್ತಾ? ನಮ್ಮನ್ಯಾಗಿಲ್ಲೇನು ಹೊಸ್ತಿಲು?"

"ಅದನ್ನ ದಾಟಿ ದಾಟಿ ಸಾಕಾಗೇತಿ. ಇದನ್ನ ನೋಡ್ತಾ ಇದೀನಿ," ಎಂದಳು. ಅವನಿಗೆ ಅರ್ಥವಾಗಲಿಲ್ಲ, ಬಕ್ಕೇಶ್ ಹಾರನ್ನು ಒತ್ತಿದ.

ಕಡರನಾಯಕನಹಳ್ಳಿ ದಾಟಿ ರಸ್ತೆಯಡಿಯ ಒಂದು ಮೋರಿಯ ಹತ್ತಿರ ಬುತ್ತಿ ಬಿಚ್ಚಿದರು. ಕೊಟ್ರಮ್ಮನವರು ಅತ್ತ ತಿರುಗಿ, ಸೆರಗು ಅಡ್ಡ ಹಿಡಿದು, ಹಲ್ಲು ತೆಗೆದಿಟ್ಟು ಮೊಸರನ್ನ ನುಂಗುತ್ತಿದ್ದರು. ಮೋರಿಕಟ್ಟೆಯ ಮೇಲಿದ್ದ ತಾಮ್ರದ ತಂಬಿಗೆಯ ಹೊಟ್ಟೆಯಲ್ಲಿ ಇಡೀ ಬಯಲು ಪುಟ್ಟದಾಗಿ ಮೂಡಿತ್ತು. ಕಸ್ತೂರಮ್ಮ ಮೊಣಕಾಲೂರಿ ಅದನ್ನು ಮೂರು ಸಲ ತೆಗೆದಳು.

"ಅಕ್ಕಾರು ತಂಬಿಗಿಗೆ ವರ ಹುಡುಕಾಕತ್ಯಾರ," ಎಂದ ಬಕ್ಕೇಶ್. ಎಲ್ಲರೂ ನಕ್ಕರು. ಕೊಟ್ರಮ್ಮನವರು ಹಲ್ಲು ಹಾಕಿಕೊಳ್ಳುವ ತನಕ ನಗದೆ ತಡೆದುಕೊಂಡರು.

ಉಕ್ಕಡಗಾತ್ರಿಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟು, ಪೀಡೆ ಕಳೆಯಿತೆಂದು ತಿರುಗಿ ನೋಡದೆ ಹೋಗುತ್ತಾರೆ. ಹಾಗೆ ಬಿಟ್ಟ ಒಂದು ಹೂವಿನ ಸೀರೆ ಕಲ್ಲಿಗೆ ಸಿಕ್ಕಿಕೊಂಡು, ಹೋಗಲೋ ಇರಲೋ ಎನ್ನುವಂತೆ ನೀರಲ್ಲಿ ಅಲುಗುತ್ತಿತ್ತು. ಕಸ್ತೂರಮ್ಮನಿಗೆ ಅದನ್ನು ಎಷ್ಟು ನೋಡಿದರೂ ಸಾಲದು. ಅವಳು ಒತ್ತುತ್ತಲೇ ಹೋದಳು. ಕೊನೆಗೆ ಮೂವತ್ತಾರೂ ಮುಗಿದು, ಕ್ಯಾಮೆರಾ ಗುಂಯ್ ಎಂದು ರೋಲನ್ನು ತಾನಾಗಿಯೇ ಸುತ್ತಿಕೊಂಡುಬಿಟ್ಟಿತು.

"ಈಗ ನಂದು," ಎಂದರು ಅತ್ತೆ.

ಅವರು ಮೆಟ್ಟಿಲ ಮೇಲೆ ನಿಂತು, ಸೆರಗು ತಲೆ ಮೇಲೆ ಎಳೆದುಕೊಂಡು, ಬೆಳಗಿನಿಂದ ಮುಚ್ಚಿದ್ದ ತುಟಿಯನ್ನು ಬಿಟ್ಟರು. ಮದುವೆಯಾಗಿ ಬಂದ ದಿನದಿಂದ ಕಸ್ತೂರಮ್ಮ ಆ ನಗುವನ್ನು ನೋಡಿರಲಿಲ್ಲ. ಗುಂಡಿ ಒತ್ತಿದಳು; ಅದು ಅಲುಗಲಿಲ್ಲ. ಹೊಸ ರೋಲು ಕೊಳ್ಳೋಣವೆಂದರೆ ಅಲ್ಲಿನ ಅಂಗಡಿಗಳಲ್ಲಿ ವಿಭೂತಿ, ಬಳೆ, ಮಂಡಕ್ಕಿ ಬಿಟ್ಟರೆ ಬೇರೇನಿಲ್ಲ. ಹಿಂದೆ ಗಂಡ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ತಂಬಿಗೆಗೆ ಮೂರು ಸುಟ್ಟು ಅತ್ತೆಗೆ ಒಂದು ಉಳಿಸಲಿಲ್ಲವೆಂದು ಹೇಗೆ ಹೇಳುವುದು? ಅವಳು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಹಿಡಿದು ನಾಲಿಗೆಯಲ್ಲಿಯೇ "ಕ್ಲಿಕ್" ಅನ್ನಿಸಿದಳು. ನಾಡಿದ್ದು ಹೊಸ ರೋಲು ತಂದು ಹೇಗಾದರೂ ಒಪ್ಪಿಸಿದರಾಯಿತು ಎಂದುಕೊಂಡಳು.

"ಆತಾ?"

"ಆತು ಅತ್ಯಾರ."

"ಶಿವನೇ," ಎಂದು ಕೊಟ್ರಮ್ಮನವರು ಬಾಯಿಗೆ ಕೈ ಹಾಕಿ ಎರಡೂ ಸಾಲು ಹಲ್ಲನ್ನು ಕಿತ್ತು, ಹೊಳೆಗೆ ಎಸೆದರು. "ವಸಡು ತಿಂದ ಪೀಡೆ. ಹೋಗು."

"ಅತ್ಯಾರ—"

"ತಿರುಗಿ ನೋಡಬಾರ್ದು. ನಡಿ."

ವಾಪಸು ಬರುವಾಗ ಕೊಟ್ರಮ್ಮನವರು ದಾರಿಯುದ್ದಕ್ಕೂ ಮಾತಾಡಿದರು. ಕಸ್ತೂರಮ್ಮ ದಾವಣಗೆರೆ ಬರುವವರೆಗೂ ಕ್ಯಾಮೆರಾವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

ಮರುದಿನ ಸಂಜೆ ಸ್ಟುಡಿಯೋದ ಚಾಂದ್ ಪಾಷಾ ಕವರು ಕೊಡುತ್ತ ಕೇಳಿದ: "ಮೇಡಮ್ಮಾರ, ಕೋರ್ಟ್ ಕೇಸಿಗೆ ಸಾಕ್ಷಿ ಏನ್ರಿ? ಒಂದರಾಗೂ ಮಂದಿ ಮುಖ ಇಲ್ಲ."

ಮನೆಯಲ್ಲಿ ಅವಳು ಮೂವತ್ತಾರನ್ನೂ ನೆಲದ ಮೇಲೆ ಹರಡಿದಳು. ಹೊಸ್ತಿಲ ಅಂಚಿನಲ್ಲಿ ಎರಡು ಮುದಿ ಪಾದ. ಕಂಬದ ಪಕ್ಕ ಹಸಿರು ಸೀರೆಯ ಸೆರಗು. ಚಪ್ಪಲಿ ರಾಶಿಯ ಮೇಲೊಂದು ಗೂನು ನೆರಳು. ಹೊಳೆಯ ಸೀರೆಯ ಹಿಂದೆ, ಕಾದು ಕಾದು ಕಲ್ಲಿಗೆ ಆನಿಸಿದ ಕೈ. ಅತ್ತೆ ದಿನವಿಡೀ ತಮ್ಮ ಸರದಿಗಾಗಿ ಅವಳ ಮಗ್ಗುಲಲ್ಲೇ ನಿಂತಿದ್ದರು. ನಿಂತು ನೋಡಲು ಕಲಿತೆ ಎಂದು ಹಿಗ್ಗಿದವಳು ಒಂದು ಗೇಣು ಆಚೆ ನೋಡಿರಲಿಲ್ಲ. ಚೂರು ಚೂರು ಜೋಡಿಸಿದರೆ ಇಡೀ ಅತ್ತೆ ಸಿಗುತ್ತಿದ್ದರು, ಮುಖ ಒಂದು ಬಿಟ್ಟು.

"ಬಂದ್ವೇನು?" ಎಂದು ಕೊಟ್ರಮ್ಮನವರು ಬಂದು ಕೂತರು. ಕಸ್ತೂರಮ್ಮ ತಲೆ ಎತ್ತದೆ ಎಲ್ಲವನ್ನೂ ಹೇಳಿದಳು, ನಾಲಿಗೆಯ ಕ್ಲಿಕ್ಕನ್ನೂ ಸೇರಿಸಿ. ಅತ್ತೆ ಒಂದೊಂದೇ ಫೋಟೋ ಎತ್ತಿ, ಕಣ್ಣ ಹತ್ತಿರ ಹಿಡಿದು, ಕೆಳಗಿಟ್ಟರು. ತಂಬಿಗೆಯದು ಕೈಗೆ ಬಂದಾಗ ನಿಂತರು.

ತಂಬಿಗೆಯ ಬುಡದಲ್ಲಿ, ಮೋರಿಕಟ್ಟೆಯ ಮೇಲೆ, ಬಿಸಿಲಿಗೆ ಥಳಥಳ ಹೊಳೆಯುತ್ತ ಎರಡೂ ಸಾಲು ಹಲ್ಲು ಕೂತಿದ್ದವು.

ಕೊಟ್ರಮ್ಮನವರು ಗೋಡೆಯ ಮೇಲಿನ ಗಂಡನನ್ನು ಒಮ್ಮೆ, ಫೋಟೋವನ್ನು ಒಮ್ಮೆ ನೋಡಿದರು.

"ಇದಕ್ಕ ಕಟ್ಟು ಹಾಕ್ಸಿಬಿಡು," ಎಂದರು. "ನಕ್ಕಂಗ ಐತೆ."